ಮುಂದಿನ ಗುರುವಾರ ಹುಟ್ಟಿದ ಕಿಟಕಿಗಳು

ನನಗೆ ದೊಡ್ಡಸ್ತಿಕೆ ತೋರಿಸುವ ಚಟ ಇದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತೇನೆ. ಹಲಗೆಯ ಮೇಲೆ ಬರೆದು ತೋರಿಸುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಖುದ್ದು ಮಾಡಿ ತೋರಿಸುವ ಪಾಳಿ ಬಂದದ್ದು ಒಂದೇ ಸಲ, ಅದೂ ಮಸ್ಕಿಯಲ್ಲಿ, ಅಕ್ಕನ ಅಂಗಡಿಯಲ್ಲಿ, ಅಕ್ಕನ ಅತ್ತೆಯ ಕಣ್ಣೆದುರಿಗೆ.

ಅಕ್ಕನದು ಅರ್ಜಿ ತುಂಬುವ ಅಂಗಡಿ. ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ, ಗೊಬ್ಬರದ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಒಂದು ಶಟರ್. ಒಳಗೆ ಹಳೆಯ ಕಂಪ್ಯೂಟರ್, ಅದಕ್ಕಿಂತ ಹಳೆಯ ಪ್ರಿಂಟರ್, ಗಿರಾಕಿಗಳಿಗೆ ಒಂದು ಬೆಂಚು, ಅಕ್ಕನಿಗೆ ಒಂದು ಕುರ್ಚಿ. ಪಹಣಿ, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಹಾಲ್ ಟಿಕೆಟ್ಟು, ಲಗ್ನಪತ್ರಿಕೆಯ ಒಕ್ಕಣೆ, ಎಲ್ಲಕ್ಕೂ ಜನ ಅಲ್ಲಿಗೇ ಬರುತ್ತಾರೆ. ನಾವಿಬ್ಬರೂ ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿ ಬೆಳೆದವರು. ಗಣಿಯಲ್ಲಿ ಅಪ್ಪನ ಪಾಳಿ ಬದಲಾದಂತೆ ಮನೆಯಲ್ಲಿ ನಮ್ಮ ಊಟದ ಹೊತ್ತೂ ಬದಲಾಗುತ್ತಿತ್ತು. ಅಲ್ಲಿಯ ಟೈಪಿಂಗ್ ಕ್ಲಾಸಿನಲ್ಲಿ ಅಕ್ಕ ಕಲಿತದ್ದು ಕೀಲಿಗಳನ್ನು ನೋಡದೆ ಬಡಿಯುವುದನ್ನು. ಗಿರಾಕಿಯ ಮುಖ ನೋಡುತ್ತ, ಅವನ ಮನೆಯ ಸುದ್ದಿ ಕೇಳುತ್ತ, ನಡುನಡುವೆ ಫೋನಿನಲ್ಲಿ ನನಗೆ ಬೈಯುತ್ತ ಒಂದಿಡೀ ಅರ್ಜಿ ಮುಗಿಸುತ್ತಿದ್ದಳು.

ಬೆರಳು ನೆಟ್ಟಗಿದ್ದವು, ಕಣ್ಣು ಕೈಕೊಟ್ಟವು. ಎರಡು ವರ್ಷದಿಂದ ಅವಳ ನೋಟದ ನಡುಭಾಗ ಮಸುಕಾಗುತ್ತ ಬಂದಿತ್ತು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದೂ ನಿಧಾನಕ್ಕೆ ಹೋಗುತ್ತದೆ, ಎಷ್ಟು ವರ್ಷ ಎಂದು ಹೇಳಲಾಗುವುದಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ದೊಡ್ಡ ಅಕ್ಷರವಾದರೆ ಅಕ್ಕ ಓದುತ್ತಿದ್ದಳು. ಸಣ್ಣದಾದರೆ ಊಹಿಸುತ್ತಿದ್ದಳು. ಅವಳ ಊಹೆ ಸಾಮಾನ್ಯವಾಗಿ ತಪ್ಪುತ್ತಿರಲಿಲ್ಲ. ಒಂದು ದಿನ ತಪ್ಪಿತು. ಪರದೆಯ ಮೇಲೆ ಬಾಣದ ಗುರುತು ಎಲ್ಲಿದೆ ಎಂದು ಕಾಣದೆ ಒತ್ತಿಬಿಟ್ಟಳು. ಒಬ್ಬ ಹುಡುಗಿಯ ಅರ್ಜಿಯಲ್ಲಿ ‘ಗಂಡು’ ಎಂದು ಹೋಯಿತು. ತಿದ್ದುಪಡಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ಹುಡುಗಿಯ ಅಪ್ಪ ರಸ್ತೆಯಲ್ಲಿ ನಿಂತು ಬಜಾರಕ್ಕೆಲ್ಲ ಕೇಳುವ ಹಾಗೆ ಕೂಗಾಡಿದ್ದ, ಆ ಕೂಗು ಅಕ್ಕನಿಗಿಂತ ಮೊದಲೇ ಮನೆ ಮುಟ್ಟಿತ್ತು.

ಮನೆಯೆಂದರೆ ಅತ್ತೆ. ಗೊರೇಬಾಳದ ಕಡೆ ಗದ್ದೆ, ಮಸ್ಕಿಯಲ್ಲಿ ಮನೆ, ಎರಡನ್ನೂ ಒಂದೇ ದನಿಯಲ್ಲಿ ಆಳುವ ಹೆಂಗಸು. ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ಜಗಲಿಯ ಮೇಲೆ ಕೂತರೆ ನಮ್ಮ ಭಾವ ಗದ್ದೆಗೆ ನೀರು ನೋಡುವ ನೆಪ ಮಾಡಿ ಎದ್ದು ಹೋಗಿಬಿಡುತ್ತಿದ್ದರು. ಅಂದೂ ಹೋದರು.

“ದುಡದದ್ದು ಸಾಕು,” ಅಂದರಂತೆ ಅತ್ತೆ. “ಆ ಡಬ್ಬಿ ನೋಡಿ ನೋಡಿನ ಕಣ್ಣು ಹೊಂಟಾವ. ಬರೋ ಮಂಗಳವಾರ ನನ್ನ ತಮ್ಮನ ಮಗ ಬರ್ತಾನ, ಅಂಗಡಿ ನೋಡ್ಕೊಂಡು ಹೋಗ್ತಾನ. ಮೊಬೈಲ್ ರಿಪೇರಿ ಇಡ್ತಾನಂತ. ನೀ ಮನ್ಯಾಗ ಆರಾಮ ಇರು.”

ಅಕ್ಕನಿಗೆ ಆರಾಮ ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. “ಅವ ಬರೋದ್ರಾಗ ಒಂದ್ ಅರ್ಜಿ ನಿಮ್ಮ ಮುಂದ ಕುಂತು ತುಂಬ್ತೀನ್ರಿ,” ಅಂದಳಂತೆ. “ಯಾರೂ ಸಹಾಯಕ್ಕ ಬರಂಗಿಲ್ಲ. ಒಂದ್ ತಪ್ಪಾತಂದ್ರ ಚಾವಿ ನಿಮ್ಮ ಕೈಗೆ ಕೊಡ್ತೀನಿ.”

“ಸೋಮವಾರ,” ಅಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಅಕ್ಕ ಆ ಸಂಜೆ ನನಗೆ ಫೋನು ಹಚ್ಚಿ ಇದನ್ನೆಲ್ಲ ಹೇಳಿದಾಗ ನಾನು ಸುಮ್ಮನೆ ಸಮಾಧಾನ ಹೇಳಬಹುದಿತ್ತು. ಅದರ ಬದಲು, ನಿನಗೆಂದೇ ಬೇರೆ ಪರದೆ ಕಟ್ಟಿಕೊಡುತ್ತೇನೆ, ಇಡೀ ಜಿಲ್ಲೆಯಲ್ಲಿ ಯಾರ ಹತ್ತಿರವೂ ಇರಬಾರದು ಅಂಥದು ಎಂದೆ. ಅಂಥದನ್ನು ಖುದ್ದು ಒಮ್ಮೆಯೂ ಕಟ್ಟಿಲ್ಲ ಎಂದು ಫೋನಿಟ್ಟ ಮೇಲೆ ನೆನಪಾಯಿತು. ಆದರೂ ಕಾಲೇಜಿಗೆ ರಜೆ ಬರೆದುಕೊಟ್ಟು ಬುಧವಾರ ಬೆಳಿಗ್ಗೆ ಮಸ್ಕಿ ಬಸ್ಸು ಹತ್ತಿದೆ.

ಅಕ್ಷರ ದೊಡ್ಡದು ಮಾಡುವ ಸೌಲಭ್ಯ ಎಲ್ಲ ಕಂಪ್ಯೂಟರಿನಲ್ಲೂ ಇದೆಯಲ್ಲ ಎಂದು ತಿಳಿದವರು ಕೇಳುತ್ತಾರೆ. ಇದೆ. ಅಕ್ಕನೂ ಹಚ್ಚಿ ನೋಡಿದ್ದಳು. ಅದು ಇಡೀ ಪರದೆಯನ್ನೇ ಹಿಗ್ಗಿಸುತ್ತದೆ. ಬೇಕಾದ್ದು ಒಂದು ಮೂಲೆಗೆ ಹೋದರೆ ಬಾಣದ ಗುರುತು ಇನ್ನೊಂದು ಮೂಲೆಗೆ ಹೋಗುತ್ತದೆ, ಹೊಸ ಕಿಟಕಿ, ಅಂದರೆ ವಿಂಡೋ, ತೆರೆದರೆ ಅದಕ್ಕೆ ತೋಚಿದಲ್ಲಿ ತೆರೆಯುತ್ತದೆ. ಅಕ್ಕನಿಗೆ ಬೇಕಾದದ್ದು ಬೇರೆ. ಯಾವ ಕಿಟಕಿ ತೆರೆದರೂ ಮೇಲೆ ಎಡಗಡೆಗೇ ಬಂದು ನಿಲ್ಲಬೇಕು. ಕಪ್ಪಿನ ಮೇಲೆ ಹಳದಿ ಅಕ್ಷರ, ಅದೂ ದಪ್ಪಗೆ. ಬಾಣ ಬದನೆಕಾಯಿ ಗಾತ್ರ ಇರಬೇಕು, ಎಲ್ಲಿ ಕಳೆದುಹೋದರೂ ಒಂದು ಕೀಲಿ ಒತ್ತಿದರೆ ನಡುವಿಗೆ ಬರಬೇಕು. ಪರದೆಯ ಮೇಲೆ ಈ ಕಿಟಕಿಗಳನ್ನೂ ಬಾಣವನ್ನೂ ಬಿಡಿಸುವುದಕ್ಕೆ ಒಂದು ತಂತ್ರಾಂಶ ಇರುತ್ತದೆ. ಅಕ್ಕನ ಯಂತ್ರದಲ್ಲಿದ್ದದ್ದು ಪುಕ್ಕಟೆ ಸಿಗುವ ಲಿನಕ್ಸ್. ಹಾಗಾಗಿ ಆ ತಂತ್ರಾಂಶವನ್ನು ಬರೆದವರು ಬರೆದ ಹಾಗೇ ಮೂಲದಲ್ಲಿ ಇಳಿಸಿಕೊಂಡು, ಬೇಕಾದಲ್ಲಿ ತಿದ್ದಿ, ನಾವೇ ಕಟ್ಟಿಕೊಳ್ಳಬಹುದು. ಇದಕ್ಕಿಂತ ಸುಲಭದ ದಾರಿ ಇನ್ನೊಂದೆರಡು ಇದ್ದವು ಅಂತ ಈಗ ಒಪ್ಪುತ್ತೇನೆ. ಆಗ ಯಾರಾದರೂ ಹೇಳಿದ್ದರೆ ಅವರ ಮೇಲೆ ಹರಿಹಾಯುತ್ತಿದ್ದೆ.

ಅಂಗಡಿಗೆ ಬಂದು ಕೂತ ಅತ್ತೆಗೂ ಇದನ್ನೆಲ್ಲ ತಿಳಿಸಿ ಹೇಳಬೇಕಾಯಿತು. ನಮ್ಮ ಕಡೆ ಭತ್ತಕ್ಕೆ ನೆಲ್ಲು ಅಂತಾರೆ. ನಾನು ನೆಲ್ಲಿನ ಲೆಕ್ಕದಲ್ಲೇ ಹೇಳಿದೆ.

“ಮಂದಿ ಎಲ್ಲಾ ಮಿಲ್ಲಿನ ಅಕ್ಕಿ ತಂದು ಉಣ್ತಾರಲ್ಲರಿ ಅತ್ತಿ, ಹಂಗ ತಯಾರಾಗಿದ್ದ ಸಾಮಾನು ಹಾಕ್ಕೊಂಡಿರ್ತಾರ. ನಾ ನೆಲ್ಲು ತಂದೀನಿ. ಇಲ್ಲೇ ಮಿಲ್ ಮಾಡ್ತೀನಿ. ನಮಗ ಬೇಕಾದಂಗ.”

“ತೌಡು ಎಲ್ಲಿ ಹಾಕ್ತಿ?” ಅಂದರು ಅತ್ತೆ. ತಮಾಷೆಗೋ ನಿಜಕ್ಕೋ ಅವರ ಮುಖ ನೋಡಿ ಹೇಳುವುದು ಯಾರಿಂದಲೂ ಆಗದು. ಆಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. “ಇವತ್ತ ಅಮಾಸಿ. ಹೊಸಾ ಕೆಲಸ ಹಿಡಿಯಂಗಿಲ್ಲ. ನಾಳಿಗೂ ಬ್ಯಾಡ, ಪಾಡ್ಯ ಐತಿ. ಮುಂದಿನ ಗುರುವಾರ ಭಾಳ ಛಲೋ ಐತಿ ನೋಡು. ಅವತ್ತ ಚಾಲೂ ಮಾಡು.”

“ಅತ್ತಿ, ಪರೀಕ್ಷಾ ಸೋಮವಾರ ಇಟ್ಟೀರಿ. ಗುರುವಾರ ಚಾಲೂ ಮಾಡಿದ್ರ ಹ್ಯಾಂಗ್ರಿ?”

“ಅದು ನಿಮ್ಮ ಪಂಚಾಯ್ತಿ. ತಿಥಿ ನಾ ಮಾಡೀನೇನು?”

ಅಕ್ಕ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. ಚಿಕ್ಕಂದಿನಿಂದ ನಾವಿಬ್ಬರೂ ಹೀಗೆ ನೋಡಿಕೊಂಡಾಗಲೆಲ್ಲ ಏನಾದರೂ ಅನಾಹುತ ಆಗಿದೆ. ನಾನು ಕೀಲಿಮಣೆ ಎಳೆದುಕೊಂಡು ಕಂಪ್ಯೂಟರಿನ ತಾರೀಕನ್ನು ಎಂಟು ದಿನ ಮುಂದಕ್ಕೆ ತಳ್ಳಿದೆ. ಪರದೆಯ ಮೂಲೆಯಲ್ಲಿ ಗುರುವಾರ ಎಂದು ಬಂತು.

“ನೋಡ್ರಿ ಅತ್ತಿ, ಮಷೀನಿನ್ಯಾಗ ಈಗ ಗುರುವಾರ. ಕೆಲಸ ಮಾಡೋದು ಮಷೀನು, ನಾ ಅಲ್ಲ. ಅದರ ಪಂಚಾಂಗ ಅದಕ್ಕ.”

ಬೈಗುಳ ಬೀಳುತ್ತದೆ ಎಂದು ಕಾಯುತ್ತಿದ್ದೆ. ಅತ್ತೆ ಮೂಗು ತಾಗುವಷ್ಟು ಹತ್ತಿರ ಹೋಗಿ ಆ ಗುರುವಾರವನ್ನು ನೋಡಿದರು. ಕ್ಯಾಲೆಂಡರನ್ನು ನೋಡಿದರು. “ಬರೋಬರಿ ಐತಿ,” ಅಂದರು. “ಮಾಡಾದು ಮಷೀನು ಅಂದ್ಮ್ಯಾಲ ಮಷೀನಿನ ದಿನ ಛಲೋ ಇದ್ರ ಸಾಕು.” ಅಷ್ಟೇ ಅಲ್ಲ, ಪಕ್ಕದ ಅಂಗಡಿಯಿಂದ ತೆಂಗಿನಕಾಯಿ ತರಿಸಿ ಹೊಸ್ತಿಲಿಗೆ ಒಡೆದು, ಕಂಪ್ಯೂಟರಿನ ಹಣೆಗೂ ಮೂರು ಬೆರಳು ವಿಭೂತಿ ಎಳೆದರು. ಅತ್ತೆಯನ್ನು ಗೆದ್ದ ಖುಷಿಯಲ್ಲಿ ನಾನು ಕಾಯಿಯ ನೀರನ್ನೆಲ್ಲ ಒಬ್ಬಳೇ ಕುಡಿದೆ.

ಹುಕುಂ ಕೊಟ್ಟ ಕೂಡಲೇ ಪರದೆಯ ತುಂಬ ಸಾಲುಗಳು ಓಡತೊಡಗಿದವು. ಮೂಲದ ಸಾವಿರಾರು ಕಡತಗಳನ್ನು ಒಂದೊಂದಾಗಿ ಓದಿ, ಒಂದೊಂದನ್ನೂ ಯಂತ್ರಕ್ಕೆ ತಿಳಿಯುವ ತುಂಡಾಗಿ ಮಾಡಿ, ಕೊನೆಗೆ ತುಂಡುಗಳನ್ನೆಲ್ಲ ಜೋಡಿಸುವ ಕೆಲಸ ಅದು. ಹೊಸ ಯಂತ್ರವಾದರೆ ಬೇಗ ಮುಗಿಸುತ್ತದೆ. ಅಕ್ಕನ ಯಂತ್ರ ಬೆಳಗಿನಿಂದ ಸಂಜೆಯತನಕ ಏದುಸಿರು ಬಿಡುತ್ತದೆ. ನಾನು ಅಕ್ಕನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತೆ. ಅಕ್ಕ ಬೆಂಚಿನ ಮೇಲೆ ಕೂತು ಬಂದ ಗಿರಾಕಿಗಳಿಗೆ, ನಾಳೆ ಬರ್ರಿ, ಯಂತ್ರ ಖಾಲಿ ಇಲ್ಲ ಎನ್ನುತ್ತಿದ್ದಳು.

ಗೊರೇಬಾಳದ ಒಬ್ಬ ರೈತ ಮಾತ್ರ ಹೋಗಲೊಲ್ಲದೆ ನನ್ನ ಬೆನ್ನ ಹಿಂದೆ ನಿಂತು ಓಡುವ ಸಾಲುಗಳನ್ನೇ ನೋಡುತ್ತಿದ್ದ. ಅವನ ಪಹಣಿಯ ಅರ್ಜಿ ಹಿಂದಿನ ದಿನವೇ ಹೋಗಿತ್ತು.

“ಇದು ನಂದಾ ಏನ್ರಿ ಮೇಡಂ?” ಅಂದ.

“ಹೂಂರಿ ಯಜಮಾನ್ರ. ನಿಮ್ಮ ಏಳು ತಲಿ ಹಿಂದಿಂದ ಹುಡುಕಾಕತ್ತದ.”

ಅವನು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ನಿಂತ. ಆಮೇಲೆ ಬಗ್ಗಿ ಸಣ್ಣ ದನಿಯಲ್ಲಿ, “ನಮ್ಮ ಮುತ್ಯಾ ಹೊಲದ ಬದುವು ಒಂದ್ ಮಾರು ಸರಿಸ್ಯಾನ್ರಿ, ಅದೂ ಇದ್ರಾಗ ಬರ್ತದೇನು?” ಎಂದು ಕೇಳಿದ. ಅಕ್ಕ ಬೆಂಚಿನಿಂದೆದ್ದು ಬಂದು ನನ್ನ ತಲೆಗೆ ಒಂದು ಮೊಟಕಿ, ಅವನಿಗೆ ಚಹಾ ಕುಡಿಸಿ, ನಿಮ್ಮ ಮುತ್ಯಾನ ಸುದ್ದಿ ಯಾರಿಗೂ ಗೊತ್ತಿಲ್ಲ ಎಂದು ಧೈರ್ಯ ಹೇಳಿ ಕಳಿಸಿದಳು.

ಸಂಜೆಗೆ ಕಟ್ಟುವ ಕೆಲಸ ಮುಗಿಯಿತು. ಮರುದಿನ ಬೆಳಿಗ್ಗೆ ಒಬ್ಬರಿಗೆ ಅಫಿಡವಿಟ್ಟು ತೆಗೆದುಕೊಟ್ಟಾಗ ಅದರ ಮೇಲೆ ಇನ್ನೂ ಬಾರದ ಗುರುವಾರದ ತಾರೀಕು ಅಚ್ಚಾಗಿ ಬಂತು. ನಕ್ಕು, ತಾರೀಕನ್ನು ಮೊದಲಿನಂತೆ ಸರಿ ಮಾಡಿದೆ. ಆ ಮಾತು ಅಲ್ಲಿಗೇ ಮರೆತೆ.

ಹೊಸ ಪರದೆ ಏನೋ ಬಂತು. ಕಪ್ಪಿನ ಮೇಲೆ ಹಳದಿ ಬಂತು, ಬಾಣ ಬದನೆಕಾಯಿಯಷ್ಟಾಯಿತು. ಆದರೆ ಅಕ್ಷರಗಳು ಇರುವೆ ಸಾಲಿನಂತೆ ಸಣ್ಣಗೇ ಇದ್ದವು, ಕಿಟಕಿಗಳು ಎಲ್ಲೆಲ್ಲೋ ತೆರೆಯುತ್ತಿದ್ದವು. ಅಳತೆ ಬರೆದ ಕಡತ ತೆಗೆದು ನೋಡಿದರೆ ಹನ್ನೆರಡು ಎಂದಿತ್ತು. ತಿದ್ದುವುದನ್ನು ನಾನೇ ಬಿಟ್ಟಿದ್ದೆ. ಇಪ್ಪತ್ತನಾಲ್ಕು ಮಾಡಿದೆ. ಕಿಟಕಿಯ ಜಾಗವನ್ನೂ ತಿದ್ದಿದೆ. ಮತ್ತೆ ಕಟ್ಟು ಅಂದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ, ಕಟ್ಟುವುದು ಏನೂ ಉಳಿದಿಲ್ಲ ಎಂದು ಉತ್ತರ ಬಂತು. ಅಕ್ಷರ ಹಾಗೇ ಇತ್ತು.

ನಲವತ್ತೆಂಟು ಮಾಡಿದೆ. ಏನೂ ಉಳಿದಿಲ್ಲ ಅಂತು. ತೊಂಬತ್ತಾರು ಮಾಡಿದೆ. ಉಳಿದಿಲ್ಲ. ಸಿಟ್ಟು ನೆತ್ತಿಗೇರಿ ನಾಲ್ಕು ನೂರು ಮಾಡಿದೆ. ನಾಲ್ಕು ನೂರೆಂದರೆ ಒಂದು ಅಕ್ಷರಕ್ಕೇ ಪರದೆ ಸಾಲಬಾರದು. ಇರುವೆ ಸಾಲು ಇರುವೆ ಸಾಲಾಗಿಯೇ ಇತ್ತು. ಗುರುವಾರ ಹೀಗೆ ಹೋಯಿತು, ಶುಕ್ರವಾರ ಇಡೀ ಹೋಯಿತು. ಆ ಎರಡು ದಿನ ನನ್ನ ಬಾಯಿಂದ ಬಂದ ಮಾತುಗಳನ್ನು ಕೇಳಿ ಗೊಬ್ಬರದ ಅಂಗಡಿಯವರು ಮಧ್ಯದ ಗೋಡೆ ತಟ್ಟಿದ್ದರು. ಊಟಕ್ಕೆ ಕೂತಾಗ ಅಕ್ಕ ಸೊಂಟದಲ್ಲಿದ್ದ ಅಂಗಡಿಯ ಚಾವಿಯನ್ನು ಎರಡು ಸಲ ಮುಟ್ಟಿ ನೋಡಿಕೊಂಡದ್ದು ಕಂಡೆ.

ತಪ್ಪು ನನ್ನದಿರಲಾರದು, ಯಂತ್ರದ್ದೇ ಎಂದು ಶನಿವಾರ ಬೆಳಿಗ್ಗೆ ತೀರ್ಮಾನಿಸಿ ಸಿಂಧನೂರಿಗೆ ಹೋದೆ. ಅಲ್ಲಿ ಕಂಪ್ಯೂಟರಿನ ಬಿಡಿಭಾಗ ಮಾರುವವರೊಬ್ಬರಿದ್ದಾರೆ. ಹೆಚ್ಚಿನ ಮೆಮೊರಿ ಬೇಕು ಎಂದೆ. ಯಾವ ಯಂತ್ರ ಎಂದು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಮೇಡಂ, ಅದಕ್ಕ ಇದು ಹಾಕೋದಂದ್ರ ಎತ್ತಿನ ಗಾಡಿಗೆ ವಿಮಾನದ ಗಾಲಿ ಹಚ್ಚಿದಂಗ್ರಿ. ಕೂಡಂಗಿಲ್ಲ. ನಾ ಮಾರಂಗೂ ಇಲ್ಲ.”

ಮಾರುವವರೇ ಮಾರುವುದಿಲ್ಲ ಅಂದಮೇಲೆ ಮಾಡುವುದೇನು. ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಖಾರಕ್ಕೆ ಬಂದ ಕಣ್ಣೀರಿನ ಜೊತೆ ಬೇರೆ ಕಣ್ಣೀರನ್ನೂ ಸೇರಿಸಿ ಒರೆಸಿಕೊಂಡು, ಮಧ್ಯಾಹ್ನಕ್ಕೆ ಮಸ್ಕಿಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅಂಗಡಿ ಹೋದರೆ ಅಕ್ಕ ಏನು ಮಾಡುತ್ತಾಳೆ? ಮನೆಯಲ್ಲಿ ಕೆಲಸಕ್ಕೇನು ಕೊರತೆ, ಆದರೆ ಆ ಕುರ್ಚಿಯಲ್ಲಿ ಕೂತಾಗ ಅವಳಿಗೆ ಇರುವ ಗತ್ತು ಬೇರೆ ಎಲ್ಲೂ ಇರಲಿಲ್ಲ. ಅದನ್ನು ಉಳಿಸುತ್ತೇನೆಂದು ಬಂದು ಮೂರು ದಿನದಿಂದ ಆ ಕುರ್ಚಿಯಲ್ಲಿ ನಾನೇ ಕೂತಿದ್ದೆ.

“ಲೇ, ಏನೇನ್ ಬರಾಕತ್ತದ, ಒಂದ್ ಸರ್ತಿ ಓದಿ ಹೇಳು,” ಅಂದಳು ಅಕ್ಕ, ನಾನು ಬಂದು ಕೂತ ಮೇಲೆ. “ನನಗ ಕಾಣಂಗಿಲ್ಲ. ಕೇಳಸ್ತದ.”

“ಓದಿದ್ರ ನಿನಗೇನ್ ತಿಳಿತದ ಅಕ್ಕಾ?”

“ನಿನಗ ತಿಳದು ಏನಾತು? ಓದು.”

ಸಿಡಿಮಿಡಿ ಮಾಡುತ್ತಲೇ ಓದಿದೆ. ಮೊದಲು ತಿದ್ದಿದ ಕಡತದ ಹೆಸರು, ಅದರ ಗಾತ್ರ, ಅದರ ತಾರೀಕು. ಆಮೇಲೆ ಅದರಿಂದ ಕಟ್ಟಿದ ತುಂಡಿನ ಹೆಸರು, ಗಾತ್ರ, ತಾರೀಕು. ಎರಡನೆಯ ತಾರೀಕು ಓದುತ್ತಿದ್ದ ಹಾಗೆ ಅಕ್ಕ ಕೈ ಎತ್ತಿದಳು. ದಿನಕ್ಕೆ ಐವತ್ತು ಅರ್ಜಿಯಲ್ಲಿ ಜನ್ಮದಿನಾಂಕ ತುಂಬುವವಳು. ಯಾವ ತಂಗಿ ಅಣ್ಣನಿಗಿಂತ ಮೊದಲು ಹುಟ್ಟಿದ್ದಾಳೆ, ಯಾವ ಮಗು ಲಗ್ನಕ್ಕಿಂತ ಮೊದಲು ಹುಟ್ಟಿದೆ ಎಂಬುದು ಅವಳ ಕಿವಿಗೆ ಥಟ್ಟನೆ ಹತ್ತುತ್ತದೆ.

“ತಡಿ. ಆ ತಾರೀಖು ಇನ್ನಾ ಬಂದೇ ಇಲ್ಲಲ್ಲ.”

ನಾನು ಪರದೆಗೆ ಬಗ್ಗಿ ತಾರೀಕನ್ನು ಮತ್ತೊಮ್ಮೆ ಓದಿದೆ: ಮುಂದಿನ ಗುರುವಾರ. ಇಷ್ಟೇ ಆಗಿತ್ತು. ಕಟ್ಟುವ ಹುಕುಂ ಸೋಮಾರಿ. ಎಲ್ಲವನ್ನೂ ಪ್ರತಿ ಸಲ ಹೊಸದಾಗಿ ಕಟ್ಟುವುದಿಲ್ಲ; ತಾರೀಕು ನೋಡುತ್ತದೆ. ಮೂಲ ಹೊಸದಾಗಿದ್ದರೆ ಮಾತ್ರ ತುಂಡನ್ನು ಮತ್ತೆ ಕಟ್ಟುತ್ತದೆ, ತುಂಡೇ ಹೊಸದಾಗಿದ್ದರೆ ಬಿಟ್ಟುಬಿಡುತ್ತದೆ. ಅತ್ತೆಯ ಶುಭ ದಿನಕ್ಕೆಂದು ನಾನು ತಾರೀಕು ಮುಂದೆ ತಳ್ಳಿ ಕಟ್ಟಿದ ತುಂಡುಗಳೆಲ್ಲ ಮುಂದಿನ ಗುರುವಾರ ಹುಟ್ಟಿದವು. ನಾನು ಗುರುವಾರ, ಶುಕ್ರವಾರ ಎಷ್ಟು ಸಲ ತಿದ್ದಿದರೂ ಅದರ ಲೆಕ್ಕದಲ್ಲಿ ನನ್ನ ತಿದ್ದುಪಡಿ ಹಳೆಯದು. ಇದನ್ನು ಅದು ನನಗೆ ಹೇಳಿರಲಿಲ್ಲ ಎಂದೂ ಅಲ್ಲ. ಕಡತದ ತಾರೀಕು ಭವಿಷ್ಯದಲ್ಲಿದೆ, ಗಡಿಯಾರ ನೋಡಿಕೊಳ್ಳಿ ಎಂಬ ಎಚ್ಚರಿಕೆ ಪ್ರತಿ ಸಲವೂ ಬಂದಿತ್ತು. ಎಚ್ಚರಿಕೆಗಳನ್ನು ಕಡ್ಡಾಯವಾಗಿ ಓದಬೇಕೆಂದು ನಾನು ತರಗತಿಯಲ್ಲಿ ಹೇಳುತ್ತೇನೆ. ನಾನು ಓದುವುದಿಲ್ಲ.

ಅಕ್ಕ ನಕ್ಕಳು. ಆ ಮೂರು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಬೆಂಚಿನ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎಷ್ಟು ನಕ್ಕಳೆಂದರೆ ನನಗೂ ನಗು ಬಂತು. “ಡಿಪ್ಲೊಮಾ ಮಕ್ಕಳಿಗೆ ಇದನ್ನ ಕಲಸ್ತಿಯೇನಬೇ?” ಅಂದಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, “ಮತ್ತ ಈಗ?”

ಈಗ ಎಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಬೇಕು. ಇಡೀ ಒಂದು ಹಗಲು. ಉಳಿದದ್ದು ಭಾನುವಾರ ಒಂದೇ.

ಭಾನುವಾರ ಬೆಳಿಗ್ಗೆ ಏಳಕ್ಕೆ ಶಟರ್ ಎತ್ತಿದೆವು. ಅಕ್ಷರದ ಅಳತೆ ನಲವತ್ತೆಂಟಕ್ಕೆ ಇಟ್ಟೆ, ಕಿಟಕಿಯ ಜಾಗ ನೋಡಿದೆ, ತಾರೀಕನ್ನು ಅಕ್ಕನ ಎದುರು ಗಟ್ಟಿಯಾಗಿ ಓದಿ ಒಪ್ಪಿಗೆ ತೆಗೆದುಕೊಂಡು ಹುಕುಂ ಕೊಟ್ಟೆ. ಹನ್ನೊಂದಕ್ಕೆ ಕರೆಂಟು ಹೋಯಿತು. ಒಂದು ಗಂಟೆ ಬಿಟ್ಟು ಬಂತು. ಎರಡಕ್ಕೆ ಮತ್ತೆ ಹೋಯಿತು. ಸೋಮಾರಿಯಾದರೂ ಒಂದು ಗುಣ ಇದೆ, ಬಿಟ್ಟಲ್ಲಿಂದಲೇ ಹಿಡಿಯುತ್ತದೆ. ಪ್ರತಿ ಸಲ ಕರೆಂಟು ಬಂದಾಗಲೂ ಅಕ್ಕ ಮೊದಲು ತಾರೀಕು ಓದಿಸಿಕೊಂಡೇ ಮುಂದುವರಿಸಲು ಬಿಟ್ಟಳು. ನಾಲ್ಕು ದಾಟಿದ ಮೇಲೆ ಕಟ್ಟುವುದು ಮುಗಿಯಿತು. ಹಳೆಯದನ್ನು ತೆಗೆದು ಹೊಸದನ್ನು ಕೂಡಿಸುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಅತ್ತೆ ಬಂದರು.

“ನಾಕೂವರಿಗೆ ರಾಹುಕಾಲ. ಆರರ ಮಟಾ ಯಾರೂ ಕೈ ಹಚ್ಚಬ್ಯಾಡ್ರಿ.”

ಗೋಡೆಯ ಗಡಿಯಾರ ನಾಲ್ಕು ಇಪ್ಪತ್ತೊಂಬತ್ತು ತೋರಿಸುತ್ತಿತ್ತು. ನನ್ನ ಬೆರಳು ತಾನಾಗಿಯೇ ಕಂಪ್ಯೂಟರಿನ ಗಡಿಯಾರದ ಕಡೆ ಹೋಯಿತು. ಅಕ್ಕನಿಗೆ ನನ್ನ ಬೆರಳು ಕಾಣುವುದು ಸಾಧ್ಯವಿರಲಿಲ್ಲ. ಆದರೂ ತಿರುಗದೆಯೇ ಹೇಳಿದಳು, “ಗಡಿಯಾರ ಮುಟ್ಟಿದಿ ಅಂದ್ರ ಕೈ ಮುರಿತೀನಿ.”

ಒಂದೂವರೆ ಗಂಟೆ ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತು ಚಹಾ ಕುಡಿದೆವು, ಶೇಂಗಾ ಸುಲಿದು ತಿಂದೆವು. ಅತ್ತೆ ತಮ್ಮ ಹರೆಯದಲ್ಲಿ ಕಾಲುವೆಗೆ ಮೊದಲ ನೀರು ಬಂದದ್ದನ್ನು ನೋಡಲು ಹೋಗಿ ಒಂದು ಚಪ್ಪಲಿ ಕಳೆದುಕೊಂಡ ಕತೆ ಹೇಳಿದರು. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಒಂದೂವರೆ ಗಂಟೆ ಇನ್ನೊಂದಿಲ್ಲ. ಆರು ಬಡಿಯಿತು, ಗುಂಡಿ ಒತ್ತಿದೆ, ಪರದೆ ಕಪ್ಪಾಯಿತು, ಬದನೆಕಾಯಿ ಬಾಣ ಬಂತು, ಮೇಲೆ ಎಡಗಡೆಗೆ ಒಂದು ಕಿಟಕಿ ಬಂದು ನಿಂತಿತು. ಅದರೊಳಗಿನ ಹಳದಿ ಅಕ್ಷರಗಳನ್ನು ಅಕ್ಕ ಬೆಂಚಿನಿಂದೇಳದೆ ಓದಿದಳು.

ಸೋಮವಾರ ಹತ್ತು ಗಂಟೆಗೆ ಪರೀಕ್ಷೆ. ಅತ್ತೆ ಸ್ನಾನ, ಪೂಜೆ ಮುಗಿಸಿ, ಉಪವಾಸದ ಮುಖ ಹೊತ್ತು ಬಂದು, ಕುರ್ಚಿಯ ಪಕ್ಕದಲ್ಲೇ ಒಂದು ಸ್ಟೂಲು ಹಾಕಿಸಿಕೊಂಡು ಕೂತರು. ನನ್ನನ್ನು ಹೊರಗೆ ಹೊಸ್ತಿಲಾಚೆ ನಿಲ್ಲಿಸಿದರು. “ನೀ ಒಳಗ ಬಂದ್ರ ಪರೀಕ್ಷಾ ರದ್ದು,” ಅಂದರು. ಕಾಲುವೆಯ ಕೊನೆಗಿದ್ದ ಗದ್ದೆಗೆ ನೀರು ಬರುತ್ತಿಲ್ಲವೆಂದು ನೀರಾವರಿ ಕಚೇರಿಗೆ ತಕರಾರು ಅರ್ಜಿ, ಅದೇ ಪ್ರಶ್ನೆಪತ್ರಿಕೆ.

“ಬರಿ. ಸಾಹೇಬ್ರಿಗೆ ನಮಸ್ಕಾರ. ನೀರು ಬಿಡ್ತೀರೋ, ಇಲ್ಲಾ ನಾನ ಬಂದು ನಿಮ್ಮ ಆಫೀಸಿನ್ಯಾಗ ನೆಲ್ಲು ನಾಟಿ ಹಚ್ಚಲೋ. ಬರದೀಯೇನು?”

ಅಕ್ಕನ ಬೆರಳು ಓಡುತ್ತಿತ್ತು. ಅತ್ತೆ ನಿಲ್ಲಿಸದೆ ಹೇಳುತ್ತ ಹೋದರು. ಮೇಲಿನ ಊರಿನವರು ತೂಬು ಒಡೆದದ್ದು, ಸಾಹೇಬರು ಫೋನು ಎತ್ತದೇ ಇದ್ದದ್ದು, ಎತ್ತಿದರೂ ಮಾತು ಮುಗಿಯುವ ಮೊದಲೇ ಇಟ್ಟದ್ದು. ಮುಗಿದ ಮೇಲೆ, “ಓದು,” ಅಂದರು. ಅಕ್ಕ ಪರದೆ ನೋಡಿ ಓದಿದಳು, “ಮಾನ್ಯರೇ, ಕಾಲುವೆಯ ಕೊನೆಯ ಭಾಗದಲ್ಲಿರುವ ನಮ್ಮ ಗದ್ದೆಗೆ ನೀರು ತಲುಪುತ್ತಿಲ್ಲವಾದ ಕಾರಣ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...”

“ತಡಿ. ನಾ ಹಂಗ ಅಂದಿಲ್ಲ.”

ನಾನು ಒಳಗೆ ಕಾಲಿಡಲು ಹೋಗಿ, ಪರೀಕ್ಷೆ ರದ್ದಾದೀತೆಂದು ಹೊಸ್ತಿಲಾಚೆಗೇ ಹಿಂದೆಗೆದೆ. ಒಂದು ತಪ್ಪಾದರೆ ಚಾವಿ. ಅಕ್ಕ ಮಾತ್ರ ಸಾವಕಾಶ ಒಂದು ಕೀಲಿ ಒತ್ತಿದಳು. ಇದ್ದ ಕಿಟಕಿ ಕೆಳಗೆ ಹೋಯಿತು, ಅದೇ ಜಾಗದಲ್ಲಿ ಇನ್ನೊಂದು ಮೇಲೆ ಬಂತು.

“ನೀವು ಅಂದದ್ದನ್ನೂ ಬರದೀನ್ರಿ ಅತ್ತಿ. ಆದ್ರ ಅದನ್ನ ಕಳಸಿದ್ರ ಅರ್ಜಿ ಆಗಂಗಿಲ್ಲ, ಜಗಳ ಆಗ್ತದ. ಕೇಳ್ರಿ.” ಎಂದು ನೆಲ್ಲು ನಾಟಿಯಿಂದ ಹಿಡಿದು ಫೋನಿನವರೆಗೆ ಒಂದು ಮಾತೂ ತಪ್ಪದೆ ಓದಿದಳು. ಎರಡೂ ಅರ್ಜಿಗಳನ್ನು ಅವಳು ಒಟ್ಟೊಟ್ಟಿಗೆ, ಕಿಟಕಿಯಿಂದ ಕಿಟಕಿಗೆ ದಾಟುತ್ತ ಬರೆದಿದ್ದಳು. “ಯಾವ್ದು ಕಳಸಲಿ?”

ಅತ್ತೆಯ ಮುಖದಲ್ಲಿ ಏನೋ ಕದಲಿತು. ನಗು ಎಂದು ಪ್ರಮಾಣ ಮಾಡಿ ಹೇಳಲಾರೆ. “ಮೊದಲಿಂದು ಕಳಸು,” ಅಂದರು. “ಎರಡನೇದು ಪ್ರಿಂಟ್ ತಗದು ನನ್ನ ಕೈಗೆ ಕೊಡು.”

ಕಳಿಸುವ ಮೊದಲು ಅರ್ಜಿದಾರರ ವಿವರ ತುಂಬಬೇಕು. ಹೆಸರು, ಊರು, ಸರ್ವೆ ನಂಬರು. ಗಂಡು, ಹೆಣ್ಣು ಎಂಬ ಎರಡು ಚೌಕ ಬಂದಾಗ ಅತ್ತೆ ಸ್ಟೂಲಿನಿಂದ ಮುಂದಕ್ಕೆ ಬಗ್ಗಿದರು. ಬಾಣ ಎಲ್ಲೋ ಕೆಳಗೆ ಕಳೆದುಹೋಗಿತ್ತು. ಅಕ್ಕ ಒಂದು ಕೀಲಿ ಒತ್ತಿ ಅದನ್ನು ನಡುವಿಗೆ ಕರೆದಳು, ಅಲ್ಲಿಂದ ನಿಧಾನಕ್ಕೆ ಜರುಗಿಸಿ ‘ಹೆಣ್ಣು’ ಮೇಲೆ ಇಟ್ಟು ಒತ್ತಿದಳು. ಅರ್ಜಿ ಹೋಯಿತು.

ಅತ್ತೆ ತಮ್ಮ ಪ್ರಿಂಟನ್ನು ನಾಲ್ಕಾಗಿ ಮಡಚಿ ಎಲೆ ಅಡಿಕೆಯ ಚೀಲದಲ್ಲಿಟ್ಟುಕೊಂಡು ಎದ್ದರು. “ನನ್ನ ತಮ್ಮನ ಮಗಗ ಫೋನ್ ಹಚ್ಚಿ ನಾಳಿಗೆ ಬರಾದು ಬ್ಯಾಡ ಅಂತ ಹೇಳ್ತೀನಿ.” ಬಾಗಿಲತನಕ ಹೋಗಿ ನಿಂತರು. “ನನಗ ಹೆದರಿಕಿ ನಿನ್ನ ಕಣ್ಣಿಂದು ಐತಿ. ದುಕಾನದ್ದು ಅಲ್ಲ,” ಅಂದರು. ಅಕ್ಕ, “ಗೊತ್ತೈತ್ರಿ,” ಅಂದಳು. ಅತ್ತೆ ಹೊರಟುಹೋದರು.

ಸರಿ, ಈಗ ನನ್ನ ಸರದಿ ಎಂದು ಎದೆ ಉಬ್ಬಿಸಿಕೊಂಡು ಒಳಗೆ ಬಂದೆ. ಯಾರಾದರೂ ಹೊಗಳಬೇಕಿತ್ತು. ಅಕ್ಕ ಪರದೆಯನ್ನೇ ನೋಡುತ್ತಿದ್ದಳು.

“ಅಕ್ಷರ ಎಷ್ಟಕ್ಕ ಇಟ್ಟೀ?”

“ನಲವತ್ತೆಂಟು.”

“ಡಾಕ್ಟರು ಏನಂದಾರ, ನಿನಗೂ ಗೊತ್ತೈತಿ. ಇದು ಒಂದ್ ವರ್ಷ ತಾಳಬಹುದು. ಎರಡು ತಾಳಬಹುದು. ಆಮ್ಯಾಲ?”

“ಅರವತ್ತನಾಲ್ಕು ಮಾಡ್ತೀನಿ. ಒಂದ್ ಫೋನ್ ಹಚ್ಚು, ಬಂದು ಮಾಡ್ತೀನಿ.”

“ನೀ ಅಲ್ಲ. ನಾ ಮಾಡ್ಬೇಕು. ಕಲಸು.”

“ಅಕ್ಕಾ, ಹಂಗ ದೊಡ್ಡದು ಮಾಡ್ಕೋತ ಹೋದ್ರ ಕಡೀಕ ಪರದಿ ತುಂಬ ಒಂದಽ ಅಕ್ಷರ ಹಿಡಿತದ, ಅವಾಗೇನ್ ಮಾಡ್ತಿ?” ಎಂದೆ. ಚೇಷ್ಟೆಗೆ ಅಂದ ಮಾತು. ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ, ಕಣ್ಣು ತುಂಬಿ ಬಂದವು.

ಅಕ್ಕನಿಗೆ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ. “ಒಂದೊಂದಽ ಓದ್ತೀನಿ,” ಅಂದಳು. “ನನಗೇನ್ ಬಸ್ ಹೋಗ್ತದೇನು? ಹೇಳು, ಆ ಕಡತ ಎಲ್ಲೈತಿ.”

ನಾನು ಬೆಂಚಿನ ಮೇಲೆ ಕೂತು ಒಂದೊಂದೇ ಹೇಳುತ್ತ ಹೋದೆ, ಅವಳು ಬಡಿಯುತ್ತ ಹೋದಳು. ಕಡತ ತೆಗೆದಳು. ನಲವತ್ತೆಂಟನ್ನು ಅಳಿಸಿ ಅರವತ್ತನಾಲ್ಕು ಮಾಡಿದಳು. ಹುಕುಂ ಕೊಟ್ಟಳು. ತಿದ್ದಿದ್ದು ಒಂದೇ ಕಡತವಾದ್ದರಿಂದ ಐದು ನಿಮಿಷಕ್ಕೆ ಮುಗಿಯಿತು. ಪರದೆ ಒಮ್ಮೆ ಕಪ್ಪಾಗಿ, ಅಂಗೈಯಗಲದ ಹಳದಿ ಅಕ್ಷರಗಳು ಬಂದು ನಿಂತವು. ಒಂದು ಸಾಲಿಗೆ ಮೂರೇ ಮಾತು. ಬೆಂಚಿಗೆ ಒಬ್ಬ ಗಿರಾಕಿ ಬಂದು ಕೂತ. ಅಕ್ಕ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮತ್ತೆ ಕಡತ ತೆಗೆದು, ಈ ಸಲ ನನ್ನನ್ನು ಕೇಳದೆ, ತಾನೇ ಅದನ್ನು ನಲವತ್ತೆಂಟಕ್ಕೆ ಇಳಿಸಿದಳು.

“ಸದ್ಯಕ್ಕ ಇಷ್ಟ ಸಾಕು,” ಅಂದು, ಗಿರಾಕಿಯ ಕಡೆ ತಿರುಗಿ, ಹೆಸರು ಕೇಳಿದಳು.